ಕ್ರಿಯಾಟಿನಿನ್ ಎಷ್ಟಿದ್ದರೆ ಸರಿ?

ಕ್ರಿಯಾಟಿನಿನ್ ಸ್ನಾಯುಗಳಲ್ಲಿ ಹುಟ್ಟುವ ಕಸ. ಸ್ನಾಯುಗಳಿಗೆ ಶಕ್ತಿ ಒದಗಿಸುವ ಕ್ರಿಯಾಟಿನ್‌ನಲ್ಲಿ ದಿನಕ್ಕೆ ಶೇ 1ರಿಂದ 2ರಷ್ಟು ಹೀಗೆ ಕಸವಾಗಿ ರಕ್ತಕ್ಕಿಳಿಯುತ್ತದೆ. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ಹುಟ್ಟುವ ಪ್ರಮಾಣ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗದು. ಹಾಗಾಗಿ ರಕ್ತದಲ್ಲಿ ಅದು ಏರುತ್ತಾ ಹೋದರೆ ಸೋಸುವ ಕೆಲಸ ಕುಂದಿದೆಯೇ ಎಂದು ಅನುಮಾನಿಸಬೇಕು. ಕ್ಷಾರ ಬೆರೆತ ಪಿಕ್ರಿಕ್ ಆಮ್ಲದೊಂದಿಗೆ ಕ್ರಿಯಾಟಿನಿನ್ ಕಿತ್ತಳೆಗೆಂಪು ಬಣ್ಣ ತಾಳುವುದನ್ನು ಮ್ಯಾಕ್ಸ್ ಯಾಫೆ 1886ರಲ್ಲಿ ತೋರಿಸಿದರು. ಆ ಬಣ್ಣ ಎಷ್ಟು ಗಾಢವೆಂದು ಅಳೆಯುವ ವಿಧಾನ ಇಂದಿಗೂ ಅನೇಕ ಲ್ಯಾಬ್‌ಗಳಲ್ಲಿದೆ.

ರಿಪೋರ್ಟಿನಲ್ಲಿ 'ನಾರ್ಮಲ್' ಎಂದಿದ್ದ ಮಾತ್ರಕ್ಕೆ ನಿಶ್ಚಿಂತರಾಗುವುದು ತಪ್ಪು. ಸೋಸುವ ಸಾಮರ್ಥ್ಯ ಅರ್ಧದಷ್ಟು ಕಳೆದುಹೋಗುವವರೆಗೂ ಕ್ರಿಯಾಟಿನಿನ್ ಮಿತಿಯೊಳಗೇ ಇರಬಹುದು. ಇಬ್ಬರ ರಿಪೋರ್ಟಿನಲ್ಲೂ ಡೆಸಿಲೀಟರ್‌ಗೆ 1.1 ಮಿಲಿಗ್ರಾಂ ಎಂದಿದೆ ಎನ್ನೋಣ. ಒಬ್ಬ 25ರ ಯುವಕ, ಇನ್ನೊಬ್ಬರು 70ರ ಅಜ್ಜಿ. ಯುವಕನ ಕಿಡ್ನಿ ನಿಮಿಷಕ್ಕೆ ಸುಮಾರು 95 ಮಿಲಿಲೀಟರ್ ಸೋಸುತ್ತಿದ್ದರೆ, ಅಜ್ಜಿಯದು ಸುಮಾರು 54 ಮಾತ್ರ. ಸ್ನಾಯು ಕರಗಿದ ದೇಹದಲ್ಲಿ ಕಸ ಹುಟ್ಟುವುದೇ ಕಡಿಮೆ. ಅಷ್ಟು ಕಡಿಮೆ ಕಸವೂ 1.1ಕ್ಕೆ ಬಂದು ನಿಂತಿದೆಯೆಂದರೆ ಸೋಸುವ ಶಕ್ತಿ ಕುಂದಿದೆ ಎಂದೇ ಅರ್ಥ.

ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಈ ಲೆಕ್ಕವೇ ಇಜಿಎಫ್‌ಆರ್. ಕ್ರಿಯಾಟಿನಿನ್, ವಯಸ್ಸು, ಲಿಂಗ ಮೂರನ್ನೂ ಸೂತ್ರಕ್ಕೆ ಹಾಕಿ ಇದನ್ನು ಅಂದಾಜಿಸುತ್ತಾರೆ. 90ರ ಮೇಲಿದ್ದರೆ ಸಾಮಾನ್ಯವಾಗಿ ಒಳ್ಳೆಯದು. ಮೂರು ತಿಂಗಳಿಗೂ ಮೀರಿ 60ರ ಕೆಳಗೇ ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. 15ಕ್ಕಿಂತ ಇಳಿದರೆ ಕಿಡ್ನಿ ವೈಫಲ್ಯ. ಒಂದೇ ಸಲದ ಪರೀಕ್ಷೆ ನೋಡಿ ಗಾಬರಿಯಾಗಬೇಕಿಲ್ಲ: ಹಿಂದಿನ ರಾತ್ರಿ ಹೊಟ್ಟೆ ತುಂಬ ಮಾಂಸದೂಟ ಮಾಡಿದ್ದರೂ ಕ್ರಿಯಾಟಿನಿನ್ ತುಸು ಏರುತ್ತದೆ.

ಕಿಡ್ನಿ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಜೊತೆಗೆ ಕಾಣುವ ಯೂರಿಯಾ ಇನ್ನಷ್ಟು ಚಂಚಲ. ಪ್ರೋಟೀನ್ ಒಡೆದಾಗ ಲಿವರ್ ತಯಾರಿಸುವ ಈ ವಸ್ತು ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡಾಗಲೂ, ಕರುಳಿನಲ್ಲಿ ರಕ್ತಸ್ರಾವವಾದಾಗಲೂ ಏರುತ್ತದೆ. ಅದೊಂದನ್ನೇ ನೋಡಿ ಕಿಡ್ನಿಯನ್ನು ದೂರಲಾಗದು.

ತೀರಾ ಸೊರಗಿದವರಲ್ಲಿ, ಇಲ್ಲವೇ ಕಟ್ಟುಮಸ್ತಾದ ಮೈಯವರಲ್ಲಿ ಕ್ರಿಯಾಟಿನಿನ್ ನಂಬಲು ಕಷ್ಟವಾದಾಗ ಸಿಸ್ಟಾಟಿನ್ ಸಿ ನೆರವಿಗೆ ಬರುತ್ತದೆ. ಈ ಪುಟ್ಟ ಪ್ರೋಟೀನನ್ನು ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ತಯಾರಿಸುವುದರಿಂದ ಸ್ನಾಯುಗಳ ಹಂಗು ಇದಕ್ಕೆ ಕಡಿಮೆ. ಆದರೆ ಥೈರಾಯ್ಡ್ ತೊಂದರೆ ಮತ್ತು ಸ್ಟೀರಾಯ್ಡ್ ಔಷಧಿಗಳು ಇದನ್ನೂ ಏರುಪೇರು ಮಾಡುತ್ತವೆ.

ಸಕ್ಕರೆ ಕಾಯಿಲೆ, ಬಿಪಿ ಇದ್ದವರು ರಕ್ತ ಕೊಟ್ಟು ಬಂದರೆ ಸಾಲದು, ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದೂ ನೋಡಿಸಬೇಕು. ಕಿಡ್ನಿಯ ಜರಡಿ ಹಾಳಾಗತೊಡಗಿದಾಗ, ರಕ್ತದ ಅಂಕಿಗಳೆಲ್ಲ ಸರಿಯಿದ್ದರೂ, ಈ ಪ್ರೋಟೀನ್ ಮೂತ್ರಕ್ಕೆ ಸೋರತೊಡಗಿರುತ್ತದೆ.