ಇಮೇಲಿನ ಜೊತೆ ಬರುವ ಲಗತ್ತುಗಳು

ಮಗಳ ಕಾಲೇಜಿನ ಫೀ ಪಾವತಿ, ಬ್ಯಾಂಕಿನ ಲೆಕ್ಕಪತ್ರ, ಹೊಲದ ಉತಾರ, ಅತ್ತೆಯವರ ರಕ್ತಪರೀಕ್ಷೆಯ ರಿಪೋರ್ಟು - ಇವೆಲ್ಲ ಈಗ ಪೋಸ್ಟ್‌ಮನ್ ಕೈಯಿಂದ ಬರುವುದು ಕಡಿಮೆಯಾಗಿ ಮೊಬೈಲಿಗೇ ಬರುತ್ತಿವೆ. ಗಂಡಸರು ಕಾರ್ಖಾನೆಗೆ ಕಬ್ಬು ಕಳಿಸುವ ಗಡಿಬಿಡಿಯಲ್ಲಿರುತ್ತಾರೆ, ಮಕ್ಕಳು ಸಾಂಗಲಿ, ಬೆಳಗಾವಿ, ಪುಣೆಯಲ್ಲಿ. ಮನೆಯಲ್ಲಿ ಉಳಿಯುವವರು ನಾವೇ ತಾನೆ? "ವೈನೀ, ಕಾಗದ ಬಂದದ, ಆದ್ರ ತೆರೀವಲ್ದು ನೋಡ್ರಿ" ಎಂದು ನಮ್ಮ ಶಿರಗುಪ್ಪಿಯ ಓಣಿಯಲ್ಲಿ ವಾರಕ್ಕೊಬ್ಬರಾದರೂ ನನ್ನಲ್ಲಿಗೆ ಬರುತ್ತಾರೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಸಂಘದ ಲೆಕ್ಕ ಬರೆಯಲಿಕ್ಕೆಂದು ಕಂಪ್ಯೂಟರ್ ಕಲಿತವಳು. ಇದು ನಮ್ಮ ಕೈಗೆ ನಿಲುಕದ ವಿದ್ಯೆಯೇನೂ ಅಲ್ಲ, ಸೋದರಿಯರೇ.

ನಮ್ಮ ಅಡಿಗೆಮನೆಯ ಡಬ್ಬಿಗಳನ್ನೇ ನೋಡಿ. ಮೇಲೆ ಚೀಟಿ ಇದ್ದರೆ ಸೋಡಾ ಯಾವುದು, ಉಪ್ಪು ಯಾವುದು ಎಂದು ಹೊಸ ಸೊಸೆಗೂ ತಿಳಿಯುತ್ತದೆ. ಇಮೇಲಿನ ಪ್ರತಿ ಲಗತ್ತಿಗೂ ಇಂಥದೊಂದು ಚೀಟಿ ಅಂಟಿರುತ್ತದೆ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬಿಬ್ಬರು ಇದರ ಕಟ್ಟಳೆ ಬರೆದರು. ಅದರ ಹೆಸರು 'ಮೈಮ್'. ಅದಕ್ಕೂ ಮೊದಲು ಇಮೇಲ್ ಎಂದರೆ ಬಹುಮಟ್ಟಿಗೆ ಬರಿಯ ಇಂಗ್ಲಿಷ್ ಅಕ್ಷರಗಳ ಓಲೆ. ಇದು ಚಿತ್ರ, ಇದು ಧ್ವನಿ, ಇದು ಪಿಡಿಎಫ್ ಎಂದು ಚೀಟಿ ಹೇಳುತ್ತದೆ, ಅದನ್ನು ಓದಿ ಯಾವ ಆ್ಯಪ್ ಕರೆಯಬೇಕೆಂದು ಮೊಬೈಲು ನಿರ್ಧರಿಸುತ್ತದೆ. ಫೈಲಿನ ಹೆಸರಿನ ಕೊನೆಗೆ ಚುಕ್ಕೆ ಹಾಕಿ ಬರೆದ ಮೂರು-ನಾಲ್ಕು ಅಕ್ಷರಗಳೂ ಇದೇ ಕೆಲಸದವು. ಜೆಪಿಜಿ ಇದ್ದರೆ ಫೋಟೋ, ಪಿಡಿಎಫ್ ಇದ್ದರೆ ಅಚ್ಚಿನ ಹಾಳೆಯಂಥದು, ಡಾಕ್ಸ್ ಇದ್ದರೆ ಟೈಪು ಮಾಡಿದ ಕಾಗದ, ಜಿಪ್ ಇದ್ದರೆ ಹಲವು ಫೈಲುಗಳ ಗಂಟು.

ಲಗತ್ತನ್ನು ಒತ್ತಿದಾಗ ಮೊಬೈಲು ಕೆಲವೊಮ್ಮೆ ಎರಡು-ಮೂರು ಆ್ಯಪ್ ತೋರಿಸಿ, "ಇದೊಂದು ಸಲವೋ, ಯಾವಾಗಲೂವೋ" ಎಂದು ಕೇಳುತ್ತದೆ. ಅವಸರದಲ್ಲಿ 'ಯಾವಾಗಲೂ' ಒತ್ತುವವರೇ ಹೆಚ್ಚು. ಮುಂದೆ ಪ್ರತಿ ಪಿಡಿಎಫ್ ಕೂಡ ಆ ಒಲ್ಲದ ಆ್ಯಪಿನಲ್ಲೇ ತೆರೆದು, ಜಾಹೀರಾತು ಕುಣಿಯತೊಡಗುತ್ತವೆ. ಇದನ್ನು ಬಿಡಿಸುವುದು ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್ ಪಟ್ಟಿಯಲ್ಲಿ ಆ ಆ್ಯಪ್ ಹುಡುಕಿ, 'ಓಪನ್ ಬೈ ಡಿಫಾಲ್ಟ್' ಎಂಬಲ್ಲಿ 'ಕ್ಲಿಯರ್' ಒತ್ತಿರಿ. ಮುಂದಿನ ಸಲ ಮೊಬೈಲು ಮತ್ತೆ ಕೇಳುತ್ತದೆ. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಬಳಸುವವರಿಗೆ ಇನ್ನೂ ಅನುಕೂಲ. ಅದರ ಸೆಟ್ಟಿಂಗ್ಸ್‌ನ 'ಜನರಲ್' ಪುಟದಲ್ಲಿ ಲಗತ್ತಿನ ಜಾತಿಗಳ ಪಟ್ಟಿಯೇ ಇದೆ. ಒಂದೊಂದಕ್ಕೂ 'ಪ್ರತಿಸಲ ಕೇಳು', 'ಉಳಿಸಿಕೋ', 'ಇಂಥದರಲ್ಲಿ ತೆರೆ' ಎಂದು ಬೇರೆಬೇರೆ ಹೇಳಿಡಬಹುದು. ನನ್ನ ಮಟ್ಟಿಗೆ ಫೋಟೋ, ಪಿಡಿಎಫ್ ಎರಡಕ್ಕೆ ಮಾತ್ರ ನೇರ ತೆರೆಯುವ ಅಪ್ಪಣೆ, ಉಳಿದುದಕ್ಕೆಲ್ಲ 'ಕೇಳು'.

ಪಿಡಿಎಫ್ ತೆರೆದರೂ ಪಾಸ್‌ವರ್ಡ್ ಕೇಳಿದರೆ ಗಾಬರಿಯಾಗಬೇಡಿ. ಇ-ಆಧಾರ್ ಆದರೆ ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ, ಅದಕ್ಕೆ ಹತ್ತಿ ಹುಟ್ಟಿದ ಇಸವಿ. ಸಾವಿತ್ರಿ ಎಂಬಾಕೆ 1978ರಲ್ಲಿ ಹುಟ್ಟಿದ್ದರೆ ಎಸ್, ಎ, ವಿ, ಐ, ಆಮೇಲೆ 1978. ಬ್ಯಾಂಕಿನವರದು ಬ್ಯಾಂಕಿಗೊಂದು ರೀತಿ. ಇಮೇಲಿನ ಒಳಗೇ ಸಾಮಾನ್ಯವಾಗಿ ಬರೆದಿರುತ್ತಾರೆ.

ಇನ್ನು ನಿಜಕ್ಕೂ ಹೆದರಬೇಕಾದ ಚೀಟಿ ಒಂದಿದೆ: ಎಪಿಕೆ. ಇದು ಕಾಗದವೂ ಅಲ್ಲ, ಚಿತ್ರವೂ ಅಲ್ಲ, ಮೊಬೈಲಿನೊಳಗೆ ಸೇರಿಕೊಳ್ಳುವ ಆ್ಯಪ್. ಜಿಮೇಲ್ ಇದನ್ನೂ ಇಎಕ್ಸ್‌ಇ ಫೈಲನ್ನೂ ಬಾಗಿಲಲ್ಲೇ ತಡೆಯುತ್ತದೆ. ಅದಕ್ಕೇ ವಂಚಕರು ವಾಟ್ಸಾಪ್ ಹಿಡಿದಿದ್ದಾರೆ. ಲಗ್ನಪತ್ರಿಕೆ ಎಂದೋ ಟ್ರಾಫಿಕ್ ದಂಡದ ಚಲನ್ ಎಂದೋ ಹೆಸರಿಟ್ಟು ಕಳಿಸುತ್ತಾರೆ. ನಮ್ಮಲ್ಲಿ ಲಗ್ನದ ಹಂಗಾಮಿನಲ್ಲಿ ದಿನಕ್ಕೆ ನಾಲ್ಕು ಪತ್ರಿಕೆ ಬರುವಾಗ ಯಾರು ಅನುಮಾನ ಪಡುತ್ತಾರೆ ಹೇಳಿ! ಒತ್ತಿ, ಕೇಳಿದ್ದಕ್ಕೆಲ್ಲ 'ಹೂಂ' ಎಂದರೆ ಬ್ಯಾಂಕಿನಿಂದ ಬರುವ ಓಟಿಪಿ ಅವರ ಕೈಸೇರಿ ಖಾತೆ ಬರಿದಾಗುತ್ತದೆ. ಲಗ್ನಪತ್ರಿಕೆ ಚಿತ್ರವಾಗಿ ಬರಬೇಕು, ಇಲ್ಲವೇ ಪಿಡಿಎಫ್ ಆಗಿ ಬರಬೇಕು. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಎಂದು ಹುಡುಕಿ, ಜಿಮೇಲ್, ವಾಟ್ಸಾಪ್, ಕ್ರೋಮ್ ಮೂರರ ಮುಂದೆಯೂ ಅನುಮತಿ ತೆಗೆದುಬಿಡಿ. ಹಣ ಹೋಗಿಯೇಬಿಟ್ಟಿದ್ದರೆ ಅತ್ತು ಕೂಡದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇದೇನೂ ಹೊಸ ಆಟವಲ್ಲ. 2000ದ ಮೇ ತಿಂಗಳಲ್ಲಿ 'ಐ ಲವ್ ಯು' ಎಂಬ ಇಮೇಲ್ ಲೋಕವನ್ನೆಲ್ಲ ಸುತ್ತಿತು. ಪ್ರೇಮಪತ್ರದ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂದು ಸಾಧು ಚೀಟಿ, ಅದರ ಹಿಂದೆ ವಿಬಿಎಸ್ ಎಂಬ ನಿಜವಾದ ಚೀಟಿ. ವಿಂಡೋಸ್ ಕೊನೆಯ ಚೀಟಿಯನ್ನು ಮರೆಮಾಡುತ್ತಿದ್ದುದರಿಂದ ಜನ ಪತ್ರವೆಂದೇ ತೆರೆದರು! ಈಗಲೂ ವಿಂಡೋಸ್ ಹಾಗೆಯೇ ಮುಚ್ಚಿಡುತ್ತದೆ. ಮಕ್ಕಳಿಗೆ ಹೇಳಿ, 'ವ್ಯೂ' ಎಂಬಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಹಚ್ಚಿಸಿಕೊಳ್ಳಿ.

ಕನ್ನಡದ ಕಾಗದಕ್ಕೆ ಇನ್ನೊಂದು ಪೀಡೆ. ಸಂಘದ ನಡಾವಳಿಯನ್ನೋ ಸರ್ಕಾರಿ ಸುತ್ತೋಲೆಯನ್ನೋ ತೆರೆದರೆ ಇಂಗ್ಲಿಷ್ ಅಕ್ಷರಗಳು ತಲೆಮೇಲೆ ಟೋಪಿ, ಚುಕ್ಕೆ ಹೊತ್ತು ನಿಂತಿರುತ್ತವೆ. ಫೈಲು ಕೆಟ್ಟಿಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ್ದು. ಅದರಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂಡಿಸಿರುತ್ತಾರೆ. ಆ ಶೈಲಿ ಇಲ್ಲದ ಮೊಬೈಲು ಜಾಗದ ಮೂಲ ಒಡೆಯನನ್ನೇ ತೋರಿಸುತ್ತದೆ. ಆ್ಯಪ್ ಬದಲಿಸಿ ಉಪಯೋಗವಿಲ್ಲ. ಕಳಿಸಿದವರಿಗೆ "ಪಿಡಿಎಫ್ ಮಾಡಿ ಕಳಿಸ್ರಿ, ಇಲ್ಲಾ ಯೂನಿಕೋಡಿನ್ಯಾಗ ಕಳಿಸ್ರಿ" ಎನ್ನಿ. ಪಿಡಿಎಫ್ ತನ್ನ ಅಕ್ಷರಗಳ ಬುತ್ತಿಯನ್ನು ಸಾಮಾನ್ಯವಾಗಿ ತಾನೇ ಕಟ್ಟಿಕೊಂಡು ಬರುತ್ತದೆ.

ದವಾಖಾನೆಯ ಕಾಗದಗಳ ವಿಷಯ ಇನ್ನೂ ಜೋಪಾನ. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಮಿರಜಿಗೆ ಹೋಗುವವರು. ಕಳೆದ ವರ್ಷ ಭಾವನವರ ಸಿಟಿ ಸ್ಕ್ಯಾನ್ ಆದಾಗ ಬೇರೆ ಊರಿನ ಡಾಕ್ಟರರ ಅಭಿಪ್ರಾಯ ಬೇಕಾಯಿತು. ಕೈಗೆ ಬಂದದ್ದು ಎರಡು ಹಾಳೆಯ ಪಿಡಿಎಫ್. ಡಾಕ್ಟರರು ಕೇಳಿದ್ದು ಚಿತ್ರಗಳನ್ನು. ಅವು 'ಡೈಕಾಮ್' ಎಂಬ ಬೇರೆ ಜಾತಿಯ ಫೈಲುಗಳು, ಒಂದು ಸ್ಕ್ಯಾನಿಗೆ ನೂರಾರು. ಮೊಬೈಲಿನ ಸಾಮಾನ್ಯ ಫೋಟೋ ಆ್ಯಪ್ ಅವನ್ನು ತೆರೆಯದು, ತೆರೆಯಬೇಕಾದ ಅಗತ್ಯವೂ ನಮಗಿಲ್ಲ. ಸ್ಕ್ಯಾನ್ ಕೇಂದ್ರದಲ್ಲಿ ಕೇಳಿ ಜಿಪ್ ಗಂಟಾಗಿ ಪಡೆದು, ಬಿಚ್ಚದೆ ಹಾಗೆಯೇ ದಾಟಿಸಬೇಕು. ಜಿಮೇಲಿನಲ್ಲಿ ಲಗತ್ತಿಗೆ 25 ಎಂಬಿಯ ಮಿತಿ. ಆದರೆ ದಾರಿಯಲ್ಲಿ ಫೈಲನ್ನು ಅಕ್ಷರಗಳಾಗಿ ಬದಲಿಸುವುದರಿಂದ ಅದು ಮೂರನೆಯ ಒಂದು ಪಾಲು ಉಬ್ಬುತ್ತದೆ, ನೆನೆಸಿದ ಕಡಲೆಬೇಳೆಯ ಹಾಗೆ. 18 ಎಂಬಿಯೊಳಗಿದ್ದರೆ ಚಿಂತೆಯಿಲ್ಲ. ದೊಡ್ಡದಾದರೆ ಗೂಗಲ್ ಡ್ರೈವಿನಲ್ಲಿಟ್ಟು ಕೊಂಡಿ ಕಳಿಸಬೇಕು, ನೋಡುವ ಅನುಮತಿಯನ್ನು ಡಾಕ್ಟರರ ಇಮೇಲಿಗೆ ಮಾತ್ರ ಕೊಡಬೇಕು. ಎಕ್ಸ್‌ರೇ ಹಾಳೆಯ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಎಂದು ಆರಿಸಿ. ಫೋಟೋ ಎಂದೇ ಕಳಿಸಿದರೆ ಅದು ಕುಗ್ಗಿ, ಸಣ್ಣ ಗೆರೆಗಳು ಮಾಸುತ್ತವೆ. ಸ್ಕ್ಯಾನಿನ ಸೀಡಿ ಕೊಟ್ಟಿದ್ದರೆ ಅದನ್ನೂ ರಿಪೋರ್ಟಿನ ಜೊತೆಗೇ ಇಡಿ, ಮುಂದಿನ ಸಲ ಹೋಲಿಸಿ ನೋಡಲು ಕೇಳುತ್ತಾರೆ.