ಸರದಿಗಿಂತ ಅಗತ್ಯ ಮೊದಲು

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಮ್ಮವರನ್ನು ಮಲಗಿಸಿ ಕಾಯುತ್ತಿರುತ್ತೇವೆ. ನಮ್ಮ ಬಳಿಕ ಬಂದವರನ್ನು ದಾದಿಯು ಮೊದಲು ಒಳಗೆ ಕರೆದೊಯ್ದರೆ ಸಿಟ್ಟು ಬರುವುದು ಸಹಜ. ಆದರೆ ಅದು ಪಕ್ಷಪಾತವೇ? ಈ ವಾರ ಈ ಪ್ರಶ್ನೆಯನ್ನು ಕುರಿತು ಆಲೋಚಿಸೋಣ.

ಎಲ್ಲರಿಗೂ ಸರದಿಯಂತೆ ಕೊಡುವುದು ಒಂದು ಬಗೆಯ ನ್ಯಾಯ. ಅಗತ್ಯವಿದ್ದವನಿಗೆ ಮೊದಲು ಕೊಡುವುದು ಮತ್ತೊಂದು ಬಗೆಯದು. ನೆಪೋಲಿಯನ್ನನ ಸೈನ್ಯದ ವೈದ್ಯ ಲಾರೆ, ಗಾಯಾಳುವಿನ ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆ ನೀಡಬೇಕೆಂದನು. ತುರ್ತು ವಿಭಾಗದ ದಾದಿಯ ಮೊದಲ ಕೆಲಸ ಇಂದಿಗೂ ಇದೇ. ಉಸಿರು, ನಾಡಿ, ಪ್ರಜ್ಞೆ ಇವನ್ನು ಕೆಲವೇ ಕ್ಷಣಗಳಲ್ಲಿ ಪರೀಕ್ಷಿಸಿ, ಯಾರು ಕಾಯಬಲ್ಲರು, ಯಾರು ಕಾಯಲಾರರು ಎಂದು ಆಕೆ ನಿರ್ಣಯಿಸಬೇಕು. ನೋವಿನಿಂದ ಕೂಗುವವನಿಗಿಂತ ಸದ್ದಿಲ್ಲದೆ ಮಲಗಿರುವವನೇ ಹೆಚ್ಚು ಅಪಾಯದಲ್ಲಿರಬಹುದು.

ನಮ್ಮ ಚಾಮರಾಜನಗರ ಜಿಲ್ಲೆ ಇದರ ಅರ್ಥವನ್ನು ದುಃಖದಿಂದಲೇ ಕಲಿತಿದೆ. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮ ದೇವಾಲಯದಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ಸೇವಿಸಿ ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. 17 ಮಂದಿ ಅಸುನೀಗಿದರು. ಅಸ್ವಸ್ಥರನ್ನು ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆ ಮುಂತಾದೆಡೆಗೆ ಕರೆತಂದು, ಅನೇಕರನ್ನು ಅನಂತರ ಮೈಸೂರಿಗೆ ಸಾಗಿಸಲಾಯಿತು. ಒಮ್ಮೆಲೇ ಅಷ್ಟು ಜನ ಬಂದಾಗ ಸರದಿಯ ನ್ಯಾಯ ಹೇಗೆ ತಾನೇ ಸಾಕಾದೀತು?

ಇಂತಹ ಕೀಟನಾಶಕವು ನರಗಳ ಮೇಲೆ ಎರಗುತ್ತದೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ದಾದಿಯು ಕೈಗವಸು ತೊಟ್ಟು, ರೋಗಿಯ ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆಯುತ್ತಾಳೆ. ಗಂಟಲಿನ ದ್ರವವನ್ನು ಹೀರಿ ತೆಗೆಯುತ್ತಾಳೆ. ವೈದ್ಯರ ಸೂಚನೆಯಂತೆ ಅಟ್ರೊಪಿನ್ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೊಡುತ್ತ, ಎದೆಯ ಗೊರಗೊರ ಸದ್ದು ನಿಂತಿತೇ ಎಂದು ಗಮನಿಸುತ್ತಾಳೆ. ಚೇತರಿಕೆ ಕಂಡ ಮೇಲೂ ಉಸಿರಾಟ ಮತ್ತೆ ಕುಂದಬಹುದಾದ್ದರಿಂದ, ಆಕೆಯ ಕಾವಲು ದಿನಗಟ್ಟಲೆ ಸಾಗುತ್ತದೆ.

ಬದನಗುಪ್ಪೆಯ ಸುತ್ತ ಹೊಲಗಳಿವೆ, ಈಗ ಕೈಗಾರಿಕಾ ಪ್ರದೇಶವೂ ಇದೆ. ಕೀಟನಾಶಕದ ಡಬ್ಬಿ ಮನೆಯ ಮೂಲೆಯಲ್ಲೇ ಇರುವುದುಂಟು. ಆದ್ದರಿಂದ ಪ್ರತಿ ಕುಟುಂಬವೂ ಕೆಲವು ಮಾತುಗಳನ್ನು ನೆನಪಿಡಲಿ. ವಿಷ ಸೇವಿಸಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದೀತು. ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ. ವಿಷದ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಮಾನಕ್ಕೆ ಅಂಜಿ ದಾದಿಗೆ ಸುಳ್ಳು ಹೇಳಬೇಡಿ. ಮುಚ್ಚಿಟ್ಟ ಸತ್ಯಕ್ಕೆ ಪ್ರಾಣವೇ ಬೆಲೆಯಾದೀತು.

ಶುಭಸಂದೇಶದ ಸಮಾರಿಯದವನು ಮೊದಲು ಗಾಯಗಳನ್ನು ಕಟ್ಟಿದನು, ಬಳಿಕವೇ ಗಾಯಾಳುವನ್ನು ಛತ್ರಕ್ಕೆ ಒಯ್ದನು. ತುರ್ತು ದಾದಿಯ ಕ್ರಮವೂ ಇದೇ: ಮೊದಲು ಪ್ರಾಣಕ್ಕೆ ಆಸರೆ, ಅನಂತರ ಪ್ರಯಾಣ. ಆಕೆ ನಮ್ಮನ್ನು ಕಾಯಿಸಿದಾಗ, ನಮಗಿಂತ ಹೆಚ್ಚು ಆಪತ್ತಿನಲ್ಲಿರುವ ನೆರೆಯವನೊಬ್ಬನು ಒಳಗಿದ್ದಾನೆಂದು ತಿಳಿಯೋಣ. ಆ ತಾಳ್ಮೆಯೂ ಒಂದು ಪರೋಪಕಾರವೇ.