ಲಾರಿಯ ಇಂಜಿನ್ ಎಣ್ಣೆ: ಆಯ್ಕೆಯೂ ಬದಲಾವಣೆಯೂ

ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಯಿಂದ ಈರುಳ್ಳಿ, ಕಡಲೆಕಾಯಿಗಳನ್ನು ಪೇಟೆಗೆ ಸಾಗಿಸುವ ಲಾರಿಗಳು ಹೊಲಗಳ ಮಣ್ಣುದಾರಿಯನ್ನು ತುಳಿದೇ ಹೆದ್ದಾರಿಯನ್ನು ಸೇರತಕ್ಕವು. ಬಯಲುಸೀಮೆಯ ಈ ಧೂಳು ಇಂಜಿನಿಗೆ ಪರಮಶತ್ರು. ಏರ್ ಫಿಲ್ಟರು ಸಡಿಲವಾಗಿದ್ದರೆ ಒಳಹೊಕ್ಕ ನುಣುಪು ಮರಳು ಎಣ್ಣೆಯೊಡನೆ ಬೆರೆತು, ಪಿಸ್ಟನ್ನಿನ ರಿಂಗುಗಳನ್ನೂ ಬೇರಿಂಗುಗಳನ್ನೂ ಅರದಂತೆ ಸವೆಯಿಸುವುದು.

ಎಣ್ಣೆ ಕಪ್ಪಾದೊಡನೆ ಕೆಟ್ಟಿತೆಂದು ಅನೇಕರು ಭಾವಿಸುವರು. ಇದು ಸರಿಯಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಡುವುದೇ ಡೀಸಲ್ ಇಂಜಿನ್ ಎಣ್ಣೆಯ ಕೆಲಸವಾದುದರಿಂದ ಅದು ಬೇಗನೆ ಕಪ್ಪಾಗುವುದು ಸಹಜ. ಹಾಲಿನಂತೆ ಬೆಳ್ಳಗಾದರೆ ಮಾತ್ರ ನೀರು ಸೇರಿದೆಯೆಂದು ತಿಳಿದು ಲಾರಿಯನ್ನು ಕೂಡಲೇ ನಿಲ್ಲಿಸತಕ್ಕದ್ದು. ಬದಲಾವಣೆಯ ಅವಧಿಯನ್ನು ತಯಾರಕರ ಕೈಪಿಡಿಯಿಂದಲೇ ತಿಳಿಯಬೇಕು. ಧೂಳು, ಅಧಿಕ ಭಾರಗಳಿಗೆ ಅದರಲ್ಲಿ ಕಡಿಮೆ ಅವಧಿಯನ್ನು ಹೇಳಿದ್ದರೆ ಇಲ್ಲಿಯವರಿಗೆ ಅದೇ ಅನ್ವಯಿಸುವುದು. ಮಂಡಿಯ ಮುಂದೆ ಇಂಜಿನನ್ನು ನಿಲ್ಲಿಸದೆ ಗಂಟೆಗಟ್ಟಲೆ ಕಾದರೆ ಕಿಲೋಮೀಟರು ಏರದಿದ್ದರೂ ಎಣ್ಣೆಯ ಸತ್ವ ಕುಂದುವುದು. ಎಣ್ಣೆಯೊಡನೆ ಅದರ ಫಿಲ್ಟರನ್ನೂ ಬದಲಿಸತಕ್ಕದ್ದು.

ಡಬ್ಬಿಯ ಮೇಲಿನ 15ಡಬ್ಲ್ಯು-40 ಎಂಬುದರಲ್ಲಿ ಮೊದಲ ಅಂಕಿಯು ಚಳಿಯಲ್ಲಿ ಎಣ್ಣೆ ಹರಿಯುವ ಗುಣವನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಮಂದತನವನ್ನೂ ಸೂಚಿಸುತ್ತವೆ. ಮಂದವಾದಷ್ಟೂ ಒಳ್ಳೆಯದೆಂಬುದು ಬರಿಯ ಭ್ರಮೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಡೀಸಲ್ ಲಾರಿಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿಯನ್ನು ತಡೆಯುವ ಫಿಲ್ಟರು ಇರುವುದು. ಇವುಗಳಿಗೆ ಸಿಕೆ-4 ಮುಂತಾದ, ಬೂದಿ ಕಡಿಮೆಯುಳ್ಳ, ಕೈಪಿಡಿಯಲ್ಲಿ ಹೆಸರಿಸಿದ ದರ್ಜೆಯ ಎಣ್ಣೆಯೇ ಆಗಬೇಕು. ಹಳೆಯ ಲಾರಿಗೆ ತಂದ ಅಗ್ಗದ ಎಣ್ಣೆಯನ್ನು ಸುರಿದಲ್ಲಿ ಆ ಫಿಲ್ಟರು ಬೂದಿಯಿಂದ ಕಟ್ಟಿಕೊಳ್ಳುವುದು. ಅದನ್ನು ಬದಲಿಸುವ ವೆಚ್ಚದ ಮುಂದೆ ಎಣ್ಣೆಯಲ್ಲಿ ಉಳಿಸಿದ ಹಣ ಏನೂ ಅಲ್ಲ.

ಇಳಿಸಿದ ಎಣ್ಣೆಯನ್ನು ಕೆರೆಯಂಗಳಕ್ಕಾಗಲಿ ಹೊಲದ ಬದುವಿಗಾಗಲಿ ಚೆಲ್ಲಕೂಡದು. ಮುಚ್ಚಳವುಳ್ಳ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಶುದ್ಧೀಕರಿಸುವ ಪರವಾನಗಿಯುಳ್ಳವರಿಗೆ ಕೊಡತಕ್ಕದ್ದು.